ಔಷಧ ವ್ಯಾಪಾರದಲ್ಲಿ ವೈದ್ಯರ ಚೀಟಿ ಮತ್ತು ಖರೀದಿ ಬಿಲ್ಲಿನ ಸ್ಥಾನ

ವ್ಯಾಪಾರದ ಇತರ ಶಾಖೆಗಳಲ್ಲಿ ಗಿರಾಕಿ ಕೇಳಿದ ಸರಕನ್ನು ಕೇಳಿದಷ್ಟು ಒದಗಿಸುವುದೇ ಉತ್ತಮ ವರ್ತಕನ ಲಕ್ಷಣವೆನಿಸಿದೆ. ಔಷಧದ ಅಂಗಡಿಯಲ್ಲಿ ಹಾಗಲ್ಲ. ಇಲ್ಲಿ ಸರಕನ್ನು ಆರಿಸುವವರು ವೈದ್ಯರು, ಹಣ ತೆರುವವರು ರೋಗಿ ಅಥವಾ ಅವರ ಮನೆಯವರು, ಕೊಡಬಹುದೇ ಬಾರದೇ ಎಂದು ನಿರ್ಣಯಿಸಬೇಕಾದವರು ಫಾರ್ಮಸಿಸ್ಟರು. ಈ ಮೂವರ ಸಂಬಂಧ ಒಂದು ಚೀಟಿಯನ್ನು ಅವಲಂಬಿಸಿದೆ. ಆ ಚೀಟಿಗೂ, ಸಗಟು ವರ್ತಕರಿಂದ ಬರುವ ಖರೀದಿ ಬಿಲ್ಲಿಗೂ ಕಾನೂನಿನಲ್ಲಿ ಯಾವ ಸ್ಥಾನವಿದೆಯೆಂಬುದನ್ನು ಈ ವ್ಯವಹಾರದಲ್ಲಿರುವವರೂ, ಇದಕ್ಕೆ ಬಂಡವಾಳ ಹೂಡಬಯಸುವವರೂ ಅರಿತಿರುವುದು ಅವಶ್ಯ.

ಕಾನೂನಿನ ಚೌಕಟ್ಟು

ಕಳಪೆ ಮತ್ತು ಕಲಬೆರಕೆ ಔಷಧಗಳ ಹಾವಳಿಯನ್ನು ಪರಿಶೀಲಿಸಲು 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದರ ವರದಿಯ ಫಲವಾಗಿ ಕಾಲಕ್ರಮೇಣ ಬಂದದ್ದು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮ, ಅದರಡಿ 1945ರ ನಿಯಮಗಳು, ಆ ಬಳಿಕ 1948ರ ಫಾರ್ಮಸಿ ಅಧಿನಿಯಮ. ಚಿಲ್ಲರೆ ಮಾರಾಟಕ್ಕೆ ನಮೂನೆ 20 ಮತ್ತು 21ರಲ್ಲಿ, ಸಗಟು ಮಾರಾಟಕ್ಕೆ 20-ಬಿ ಮತ್ತು 21-ಬಿಯಲ್ಲಿ ಪರವಾನಗಿ ಪಡೆಯಬೇಕು. ಮಳಿಗೆ ಕನಿಷ್ಠ 10 ಚದರ ಮೀಟರ್ ಇರಬೇಕು. ಸಗಟು, ಚಿಲ್ಲರೆ ಎರಡನ್ನೂ ಒಂದೇ ಸ್ಥಳದಲ್ಲಿ ನಡೆಸುವುದಾದರೆ 15 ಚದರ ಮೀಟರ್.

ಸಗಟು ಮಳಿಗೆಯ ಉಸ್ತುವಾರಿಗೆ ಫಾರ್ಮಸಿಸ್ಟರೇ ಆಗಬೇಕೆಂದಿಲ್ಲ. ಔಷಧ ವ್ಯವಹಾರದಲ್ಲಿ ಒಂದು ವರ್ಷದ ಅನುಭವವುಳ್ಳ ಪದವೀಧರರು ಅಥವಾ ನಾಲ್ಕು ವರ್ಷದ ಅನುಭವವುಳ್ಳ ಮೆಟ್ರಿಕ್ ಉತ್ತೀರ್ಣರು ಸಾಕು. ಚಿಲ್ಲರೆ ಅಂಗಡಿಯಲ್ಲಿಯಾದರೋ ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರು ತಾವೇ ಕೊಡಬೇಕು, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು. ಪ್ರಮಾಣಪತ್ರವನ್ನು ಬಾಡಿಗೆಗೆ ಪಡೆದು ಗೋಡೆಗೆ ತೂಗುಹಾಕಿ, ಕೌಂಟರಿನಲ್ಲಿ ಬೇರೊಬ್ಬರನ್ನು ನಿಲ್ಲಿಸುವ ಪದ್ಧತಿ ಅಲ್ಲಲ್ಲಿ ಇರುವುದು ಗುಟ್ಟೇನಲ್ಲ. ಉಳಿದ ಎಲ್ಲ ಲೋಪಗಳಿಗೂ ಬಾಗಿಲು ತೆರೆಯುವುದು ಇದೇ.

ಚೀಟಿಯ ಔಷಧಗಳು

ಷೆಡ್ಯೂಲ್ ಎಚ್, ಎಚ್1 ಮತ್ತು ಎಕ್ಸ್‌ಗಳಲ್ಲಿ ಸೇರಿದ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ. ಚೀಟಿಯು ಲಿಖಿತವಾಗಿದ್ದು, ವೈದ್ಯರ ಸಹಿ, ದಿನಾಂಕ, ರೋಗಿಯ ಹೆಸರು ಮತ್ತು ವಿಳಾಸ, ಔಷಧದ ಒಟ್ಟು ಪ್ರಮಾಣ, ಸೇವಿಸಬೇಕಾದ ಮಾತ್ರೆ ಎಷ್ಟೆಂಬುದು ಇವೆಲ್ಲ ಅದರಲ್ಲಿರಬೇಕೆಂಬುದು ನಿಯಮ. ವೈದ್ಯರು ಬೇರೆ ರೀತಿ ಬರೆದಿರದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ ಕೊಡಬೇಕು. ಕೊಟ್ಟ ಅಂಗಡಿಯ ಹೆಸರು, ವಿಳಾಸ ಮತ್ತು ದಿನಾಂಕವನ್ನು ಚೀಟಿಯ ಮೇಲೆ ನಮೂದಿಸಬೇಕು. ರಕ್ತದೊತ್ತಡದ ರೋಗಿಯೊಬ್ಬರು ಎರಡು ವರ್ಷದ ಹಿಂದಿನ, ಮಡಿಕೆಯಲ್ಲಿ ಹರಿದ ಚೀಟಿಯನ್ನು ತಿಂಗಳು ತಿಂಗಳೂ ತರುವುದು ಯಾವ ಅಂಗಡಿಗೂ ಹೊಸತಲ್ಲ. ಎಷ್ಟು ಸಲ ಕೊಡಬಹುದೆಂದು ವೈದ್ಯರೇ ಒಂದು ಸಾಲು ಬರೆದುಕೊಟ್ಟರೆ ಅಂಗಡಿಯವರ ಇಕ್ಕಟ್ಟು ತಪ್ಪುತ್ತದೆ. ಹಾಗೆ ಬರೆಯುವವರು ವಿರಳ.

ಇನ್ನೊಂದು ನಿಯಮವು ಕೌಂಟರಿನಲ್ಲಿ ದಿನನಿತ್ಯ ತೊಡಕನ್ನುಂಟುಮಾಡುತ್ತದೆ. ಚೀಟಿಯಲ್ಲಿ ಬರೆದ ಷೆಡ್ಯೂಲ್ ಔಷಧದ ಬದಲು, ಅದೇ ಮೂಲದ್ರವ್ಯವಿರುವ ಬೇರೆ ಕಂಪನಿಯ ಔಷಧವನ್ನು ಸಹ ಕೊಡುವಂತಿಲ್ಲ. ವೈದ್ಯರು ಮೂಲ ಹೆಸರಿನಲ್ಲಿ ಬರೆದಿದ್ದರೆ ಮಾತು ಬೇರೆ. ಬ್ರಾಂಡ್ ಹೆಸರು ಬರೆದಿದ್ದು ಅದು ಅಂಗಡಿಯಲ್ಲಿಲ್ಲದಿದ್ದರೆ, ವೈದ್ಯರನ್ನು ಸಂಪರ್ಕಿಸಿ ಚೀಟಿಯನ್ನು ಅವರಿಂದಲೇ ತಿದ್ದಿಸಿಕೊಂಡು ಬರುವಂತೆ ಹೇಳುವುದೇ ಕ್ಷೇಮಕರ. ದೂರದ ಹಳ್ಳಿಯಿಂದ ಬಸ್ ಹಿಡಿದು ಬಂದ ರೋಗಿಗೆ ಈ ಮಾತು ಹೇಳುವುದು ಕಷ್ಟವೆಂಬುದೂ ನಿಜ.

ಷೆಡ್ಯೂಲ್ ಎಚ್1 ಎಂಬ ಪಟ್ಟಿಯನ್ನು 2013ರಲ್ಲಿ ಪ್ರಕಟಿಸಿ 2014ರ ಮಾರ್ಚ್ 1ರಿಂದ ಜಾರಿಗೆ ತರಲಾಯಿತು. ಆರಂಭದಲ್ಲಿ ಅದರಲ್ಲಿ 46 ಔಷಧಗಳಿದ್ದವು. ಮೇಲ್ದರ್ಜೆಯ ಆಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಚಟ ಹಿಡಿಸಬಲ್ಲ ಕೆಲವು ನಿದ್ರಾಜನಕಗಳು ಅವುಗಳಲ್ಲಿ ಪ್ರಮುಖ. ಇವುಗಳ ಮಾರಾಟವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಆಗಿಂದಾಗಲೇ ಬರೆಯಬೇಕು: ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ. ಈ ದಾಖಲೆಯನ್ನು ಮೂರು ವರ್ಷ ಕಾಯ್ದಿಡಬೇಕು. ಜ್ವರಕ್ಕೆಂದು ಎರಡು ಆಂಟಿಬಯಾಟಿಕ್ ಗುಳಿಗೆ ಕೇಳಿ ಕೊಳ್ಳುವ ಅಭ್ಯಾಸದಿಂದ ರೋಗಾಣುಗಳು ಔಷಧಕ್ಕೆ ಮಣಿಯದಂತಾಗುತ್ತವೆ. ಮುಂದೆ ಅದೇ ರೋಗಿಗೆ ನಿಜವಾಗಿ ಬೇಕಾದಾಗ ಆ ಔಷಧ ಕೆಲಸ ಮಾಡದೆ ಹೋಗಬಹುದು. ಪಟ್ಟಿಯ ಉದ್ದೇಶ ಇದನ್ನು ತಡೆಯುವುದು. ಚೀಟಿಯ ಔಷಧಗಳ ಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ನಡೆಸಿದ ಪ್ರಚಾರದ ಗುರಿಯೂ ಇದೇ ಆಗಿತ್ತು.

ಲಾಭದ ಲೆಕ್ಕ

2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ, ಬೆಲೆ ನಿಗದಿಯಾದ ಅವಶ್ಯಕ ಔಷಧಗಳ ಗರಿಷ್ಠ ಬೆಲೆಯನ್ನು ಲೆಕ್ಕ ಹಾಕುವಾಗ ಚಿಲ್ಲರೆ ವರ್ತಕರಿಗೆ ಬೀಳುವ ಬೆಲೆಯ ಮೇಲೆ ಶೇ. 16ರಷ್ಟು ಸೇರಿಸಲಾಗುತ್ತದೆ. ಜಿ.ಎಸ್.ಟಿ.ಯನ್ನು ಬದಿಗಿಟ್ಟು ನೋಡಿದರೆ, 50 ರೂ. ಬೀಳುವ ಔಷಧದ ಮಾರಾಟ ಬೆಲೆ 58 ರೂ.; ಉಳಿತಾಯ 8 ರೂ. ಎದುರು ಅಂಗಡಿಯ ಪೈಪೋಟಿಗೆ "ಶೇ. 10 ರಿಯಾಯಿತಿ" ಎಂಬ ಫಲಕ ಹಾಕಿದರೆ ಕೈಗೆ ಬರುವುದು 52 ರೂ. 20 ಪೈಸೆ, ಉಳಿಯುವುದು 2 ರೂ. 20 ಪೈಸೆ. ಬಾಡಿಗೆ, ಫಾರ್ಮಸಿಸ್ಟರ ಸಂಬಳ, ಇನ್ಸುಲಿನ್ ಮುಂತಾದವುಗಳನ್ನು 2ರಿಂದ 8 ಡಿಗ್ರಿಯಲ್ಲಿಡುವ ಫ್ರಿಜ್ಜಿನ ವಿದ್ಯುತ್ ಬಿಲ್ಲು ಇದರಲ್ಲೇ ನಡೆಯಬೇಕು. ಫಾರ್ಮಸಿಸ್ಟರನ್ನು ಬಿಡುವ, ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಮಾಲನ್ನು ಕೊಳ್ಳುವ ಆಸೆ ಹುಟ್ಟುವುದು ಈ ಹಂತದಲ್ಲಿ. ನಿಯಂತ್ರಣಕ್ಕೊಳಪಡದ ಔಷಧಗಳಲ್ಲಿ ಅಂತರ ಸ್ವಲ್ಪ ಹೆಚ್ಚಿರುವುದರಿಂದ ಕೆಲವರು ರಿಯಾಯಿತಿ ನೀಡಿಯೂ ನಿಭಾಯಿಸುತ್ತಾರೆ.

ಖರೀದಿ ಬಿಲ್ಲೇ ರಕ್ಷಣೆ

ಬಿಲ್ಲಿಲ್ಲದ ಮಾಲಿನ ಅಪಾಯವನ್ನು ಅಧಿನಿಯಮದ ಕಲಮುಗಳೇ ಹೇಳುತ್ತವೆ. ಅಂಗಡಿಯಲ್ಲಿ ದೊರೆತ ಔಷಧ ನಕಲಿಯೋ ಕಳಪೆಯೋ ಎಂದು ಸಿದ್ಧವಾದಾಗ, ಅದನ್ನು ತಯಾರಿಸದ ವರ್ತಕನಿಗೆ 19(3)ನೇ ಕಲಮು ರಕ್ಷಣೆ ನೀಡುತ್ತದೆ. ಆದರೆ ಅವನು ಮೂರು ಸಂಗತಿಗಳನ್ನು ಸಾಬೀತುಪಡಿಸಬೇಕು. ಔಷಧವನ್ನು ಪರವಾನಗಿ ಪಡೆದ ತಯಾರಕ, ವಿತರಕ ಅಥವಾ ವರ್ತಕರಿಂದಲೇ ಕೊಂಡಿದ್ದನೆಂಬುದು. ದೋಷ ಅವನಿಗೆ ತಿಳಿದಿರಲಿಲ್ಲ ಮತ್ತು ತಕ್ಕ ಎಚ್ಚರ ವಹಿಸಿದ್ದರೂ ತಿಳಿಯುವಂತಿರಲಿಲ್ಲವೆಂಬುದು. ತನ್ನ ವಶದಲ್ಲಿದ್ದಾಗ ಸರಿಯಾಗಿ ಶೇಖರಿಸಿ ಬಂದ ಸ್ಥಿತಿಯಲ್ಲೇ ಇಟ್ಟಿದ್ದನೆಂಬುದು. ಮೊದಲನೆಯದಕ್ಕೆ ಬ್ಯಾಚ್ ಸಂಖ್ಯೆ ನಮೂದಾದ ಖರೀದಿ ಬಿಲ್ಲಿಗಿಂತ ಬಲವಾದ ಸಾಕ್ಷ್ಯ ಬೇರೆ ಇಲ್ಲ. ಯಾರಿಂದ ಕೊಂಡದ್ದೆಂದು ಪರಿವೀಕ್ಷಕರಿಗೆ ತಿಳಿಸುವುದು 18-ಎ ಕಲಮಿನಂತೆ ಕಡ್ಡಾಯ. ಪ್ರಾಣಾಪಾಯ ತರಬಲ್ಲ ನಕಲಿ ಔಷಧದ ಅಪರಾಧಕ್ಕೆ 2008ರ ತಿದ್ದುಪಡಿಯು ಕನಿಷ್ಠ 10 ವರ್ಷದಿಂದ ಆಜೀವ ಕಾರಾವಾಸವನ್ನೂ, ಕನಿಷ್ಠ 10 ಲಕ್ಷ ರೂ. ಅಥವಾ ವಶಪಡಿಸಿಕೊಂಡ ಔಷಧದ ಮೌಲ್ಯದ ಮೂರು ಪಟ್ಟು, ಇವೆರಡರಲ್ಲಿ ಹೆಚ್ಚಿನ ಮೊತ್ತದ ದಂಡವನ್ನೂ ವಿಧಿಸಿದೆ.

ಗುಳಿಗೆಯ ಪಟ್ಟಿಯನ್ನು ಕತ್ತರಿಸಿ ಮಾರುವಾಗ ಬ್ಯಾಚ್ ಸಂಖ್ಯೆ ಹಾಗೂ ಅವಧಿ ಮುಗಿಯುವ ದಿನಾಂಕವಿರುವ ತುದಿಯನ್ನು ಕೊನೆಯವರೆಗೆ ಉಳಿಸಿಕೊಳ್ಳುವುದು ಹಳೆಯ ವರ್ತಕರ ರೂಢಿ. ರೋಗಿಗೆ ಕೊಡುವ ಬಿಲ್ಲಿನಲ್ಲಿಯೂ ಅವೆರಡನ್ನು ಬರೆದುಕೊಟ್ಟಲ್ಲಿ ದೋಷವುಳ್ಳ ಬ್ಯಾಚನ್ನು ಹಿಂದಕ್ಕೆ ಪಡೆಯಲು ಅನುಕೂಲ. 2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರಾಂಡ್‌ಗಳ ಹೊದಿಕೆಯ ಮೇಲೆ ಕ್ಯೂ.ಆರ್. ಕೋಡ್ ಕಡ್ಡಾಯವಾಗಿರುವುದರಿಂದ ಆ ಮಟ್ಟಿಗೆ ಪರಿಶೀಲನೆ ಸುಲಭವಾಗಿದೆ. ಅವಧಿ ಮೀರಿದ ಮಾಲನ್ನು ಕಂಪನಿಗೆ ಹಿಂದಿರುಗಿಸುವವರೆಗೆ ಬೇರೆಯಾಗಿ, "ಮಾರಾಟಕ್ಕಲ್ಲ" ಎಂಬ ಚೀಟಿ ಅಂಟಿಸಿ ಇಡಬೇಕು.

ಪರಿವೀಕ್ಷಕರು ಮಾದರಿ ಪಡೆದಾಗ ನಮೂನೆ 17ರಲ್ಲಿ ತಿಳಿವಳಿಕೆ ಕೊಡುತ್ತಾರೆ ಮತ್ತು ಮಾದರಿಯ ಒಂದು ಭಾಗವನ್ನು ಅಂಗಡಿಯವರಿಗೇ ಬಿಡುತ್ತಾರೆ. ಮೊಹರು ಮಾಡಿದ ಆ ಭಾಗವನ್ನು ಯಾವುದೇ ಕಾರಣಕ್ಕೂ ಒಡೆಯದೆ ಜೋಪಾನ ಮಾಡತಕ್ಕದ್ದು. ಸರ್ಕಾರಿ ವಿಶ್ಲೇಷಕರ ವರದಿಯನ್ನು ಪ್ರಶ್ನಿಸುವ ಇಚ್ಛೆಯಿದ್ದಲ್ಲಿ, ಪ್ರತಿ ಕೈಸೇರಿದ 28 ದಿನಗಳೊಳಗೆ ಪರಿವೀಕ್ಷಕರಿಗೆ ಅಥವಾ ನ್ಯಾಯಾಲಯಕ್ಕೆ ಲಿಖಿತವಾಗಿ ತಿಳಿಸಬೇಕು. ಆ ಅವಧಿ ಮೀರಿದರೆ ವರದಿಯೇ ಅಂತಿಮ ಸಾಕ್ಷ್ಯವಾಗುತ್ತದೆ. ಆದ್ದರಿಂದ ವರದಿಯ ಲಕೋಟೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದು, ಅದೇ ದಿನ ಸಂಬಂಧಪಟ್ಟ ಸಗಟು ವರ್ತಕರಿಗೂ ತಯಾರಕರಿಗೂ ಪ್ರತಿ ಕಳುಹಿಸತಕ್ಕದ್ದು.