ಮಕ್ಕಳ ಬೊಜ್ಜು ತಡೆಗೆ ಹಿತ್ತಲ ಕೈತೋಟ

ಭತ್ತಕ್ಕೆ ಯೂರಿಯಾ ಅತಿಯಾದರೆ ಪೈರು ಕಡುಹಸಿರಾಗಿ ಸೊಕ್ಕಿ ಬೆಳೆಯುತ್ತದೆ. ನೋಡಲು ಚೆಂದ. ಆದರೆ ಬೆಂಕಿರೋಗ, ಕಂದು ಜಿಗಿಹುಳುಗಳ ಬಾಧೆ ಅಂಥ ಪೈರಿಗೇ ಹೆಚ್ಚು. ತೆನೆ ತೂಗುವ ಹೊತ್ತಿಗೆ ನೆಲಕ್ಕೊರಗುವುದೂ ಅದೇ. ಶಿಕಾರಿಪುರ, ಸೊರಬ ತಾಲ್ಲೂಕುಗಳ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೂ ಮನೆಯ ಮಗು ಅಳತೆ ಮೀರಿ ದಪ್ಪಗಾದರೆ ‘ಮೈಕೈ ತುಂಬಿಕೊಂಡಿದೆ’ ಎಂದು ಹಿಗ್ಗುವವರೇ ಹೆಚ್ಚು.

ಬೊಜ್ಜು ಪಟ್ಟಣದ ಮಕ್ಕಳ ತೊಂದರೆಯೆಂಬ ಭಾವನೆ ಸರಿಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಂತೆ, ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು 2015-16ರಲ್ಲಿ ಶೇ. 2.1 ಇದ್ದರು, 2019-21ರಲ್ಲಿ ಶೇ. 3.4 ಆದರು. ಇದೇ ಸಮೀಕ್ಷೆಯಲ್ಲಿ ಮೂವರಲ್ಲಿ ಒಂದು ಮಗುವಿಗೆ ವಯಸ್ಸಿಗೆ ತಕ್ಕ ಎತ್ತರವೂ ಇರಲಿಲ್ಲ. ಆದ್ದರಿಂದ ಮಗುವಿನ ಊಟ ಕಡಿತಗೊಳಿಸುವುದು ಪರಿಹಾರವಲ್ಲ. ಊಟದ ಬಗೆ ಬದಲಾಗಬೇಕು. ಚಿಕ್ಕಂದಿನ ಬೊಜ್ಜು ದೊಡ್ಡವರಾದ ಮೇಲೂ ಉಳಿದು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ದಾರಿಮಾಡುವ ಸಂಭವವಿದೆ.

ಹಿಂದೆ ಭತ್ತದ ಕೊಯ್ಲಾದ ಗದ್ದೆಯ ಉಳಿದ ತೇವದಲ್ಲಿ ಹೆಸರು, ಉದ್ದು, ಅಲಸಂದೆ ಬೆಳೆಯುತ್ತಿದ್ದರು. ಹಿತ್ತಲಲ್ಲಿ ಬಸಳೆ, ಹರಿವೆ, ನುಗ್ಗೆ ಇರುತ್ತಿದ್ದವು. ಮೆಕ್ಕೆಜೋಳ, ಅಡಿಕೆ, ಶುಂಠಿ ಹಬ್ಬಿದಂತೆ ಕೈಗೆ ಹಣ ಬಂದಿತು, ಕಾಳು-ಸೊಪ್ಪು ಅಂಗಡಿಯ ಪದಾರ್ಥವಾದವು. ಇದರಲ್ಲಿ ರೈತರ ತಪ್ಪೇನೂ ಇಲ್ಲ. ಆದರೆ ಸಂತೆಯಿಂದ ಮಂಡಕ್ಕಿ ತರುತ್ತಿದ್ದ ಅಜ್ಜ ಈಗ ಕುರುಕಲು ತಿಂಡಿಯ ಪೊಟ್ಟಣ, ತಂಪು ಪಾನೀಯದ ಬಾಟಲಿ ತರುತ್ತಾನೆ. ಅಂಥ ಪೊಟ್ಟಣಗಳಲ್ಲಿ ಹಲವು ಮೆಕ್ಕೆಜೋಳದ ಹಿಟ್ಟಿನವೇ! ಎಣ್ಣೆ, ಉಪ್ಪು ಸೇರಿಸಿಕೊಂಡು ಹೊಲದ ಜೋಳವೇ ಹಲವು ಪಟ್ಟು ಬೆಲೆಗೆ ಮನೆಗೆ ಮರಳಿದಂತೆ. 250 ಮಿ.ಲೀ. ತಂಪು ಪಾನೀಯದಲ್ಲಿ ಸಾಮಾನ್ಯವಾಗಿ ಸುಮಾರು 25 ಗ್ರಾಂ, ಅಂದರೆ ಐದಾರು ಚಮಚ ಸಕ್ಕರೆ ಇರುತ್ತದೆ. ಬಾಯಾರಿದ ಮಗುವಿಗೆ ನೀರು ಅಥವಾ ಸಕ್ಕರೆ ಹಾಕದ ಮಜ್ಜಿಗೆ ಸಾಕು.

ಊಟದ ಅಭ್ಯಾಸ ಬೈಗುಳದಿಂದ ಬರುವುದಿಲ್ಲ. ಹೊಸ ತರಕಾರಿಯನ್ನು ಮಗು ಮೊದಲ ಸಲ ಉಗುಳಿದರೆ ಕೈಬಿಡಬಾರದು. ಎಂಟು ಹತ್ತು ಸಲ ಸ್ವಲ್ಪ ಸ್ವಲ್ಪವೇ ಬಡಿಸಿದ ಮೇಲೆ ಒಪ್ಪಿಕೊಳ್ಳುವುದು ಸಾಮಾನ್ಯ. ಹೊಟ್ಟೆ ತುಂಬಿತೆಂದ ಮಗುವಿಗೆ ತಟ್ಟೆ ಖಾಲಿ ಮಾಡಲೇಬೇಕೆಂದು ಒತ್ತಾಯಿಸಬಾರದು. ಟಿ.ವಿ., ಮೊಬೈಲು ನೋಡುತ್ತ ತಿಂದರೆ ತಿಂದದ್ದರ ಅಳತೆ ಮಗುವಿಗೆ ತಿಳಿಯುವುದಿಲ್ಲ. ತಂದೆಯೇ ಪಲ್ಯವನ್ನು ಬದಿಗೆ ಸರಿಸಿದರೆ ಮಗನೂ ಸರಿಸುತ್ತಾನೆ.

ಎಲ್ಲಕ್ಕಿಂತ ಫಲಕಾರಿ ಉಪಾಯ ಮಗುವಿನ ಕೈಯಿಂದಲೇ ಬೀಜ ಹಾಕಿಸುವುದು. ತಾನು ನೀರೆರೆದ ಗಿಡದ ಸೊಪ್ಪನ್ನು ಮಗು ತಿಂದು ನೋಡಲು ಬಯಸುತ್ತದೆ. ಅಗೆದು, ನೀರು ಹೊತ್ತು ಮೈಗೂ ಕೆಲಸವಾಗುತ್ತದೆ. ಅರ್ಧ ಗುಂಟೆ ಜಾಗವಿದ್ದರೂ ಸಾಕು. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಬೇಲಿಗೆ ಬಸಳೆ, ಮೂಲೆಗೊಂದು ನುಗ್ಗೆ ಹಾಕಬಹುದು. ಹರಿವೆ 25-30 ದಿನಗಳಲ್ಲಿ ಕೀಳಲು ಬರುವುದರಿಂದ ಮಕ್ಕಳ ತಾಳ್ಮೆಗೆ ಹೊಂದುತ್ತದೆ. ಎಲ್ಲ ಬೀಜವನ್ನೂ ಒಂದೇ ದಿನ ಚೆಲ್ಲದೆ ಹದಿನೈದು ದಿನಕ್ಕೊಂದು ಪಾತಿಯಂತೆ ಬಿತ್ತಬೇಕು. ಬೀಜ ತೀರ ಸಣ್ಣದಾದ್ದರಿಂದ ಒಣ ಮರಳಿನೊಡನೆ ಬೆರೆಸಿ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚಬೇಕು. ಮಲೆನಾಡಿನ ಜೋರು ಮಳೆಗೆ ಬೀಜ ಕೊಚ್ಚಿಹೋಗುತ್ತದೆ. ಮಳೆಗಾಲದಲ್ಲಿ ಏರುಮಡಿ ಮಾಡಿ ಬಿತ್ತುವುದು ಒಳ್ಳೆಯದು. ಚೆನ್ನಾಗಿ ಬೆಳೆದ ನಾಲ್ಕೈದು ಗಿಡಗಳನ್ನು ಕೀಳದೆ ಬೀಜಕ್ಕೆ ಬಿಡಬೇಕು.