ನೆರೆಯವರು ಕೊಟ್ಟ ಕಾಡುಮೊಲ

ಟೆಕ್ಸಾಸಿನ ನಿಮ್ಮ ನೆರೆಯವರು ಬೇಟೆಯಾಡಿ ಕೊಟ್ಟ ಕಾಟನ್‌ಟೇಲ್ ಮೊಲವನ್ನು ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಅಲ್ಲಿನ ಕಾಡುಮೊಲಗಳಿಗೆ ಟುಲರೀಮಿಯಾ ಎಂಬ ಸೋಂಕು ತಗಲುವುದುಂಟು. ಬೆರಳಲ್ಲಿ ಸಣ್ಣ ಗಾಯವಿದ್ದರೂ ಸಾಕು, ನಿಮಗೂ ಅಂಟಬಹುದು. ಗ್ಲೌಸ್ ಹಾಕಿಕೊಂಡೇ ಶುರು ಮಾಡಿ.

ಚರ್ಮ ಸುಲಿಯಲು ಹೆದರಬೇಕಿಲ್ಲ. ಬೆನ್ನಿನ ನಡುವೆ ಚಿವುಟಿ ಎತ್ತಿ, ಅಡ್ಡಲಾಗಿ ಸೀಳಿ, ಎರಡೂ ಕೈಯ ಬೆರಳು ತೂರಿಸಿ ತಲೆಯ ಕಡೆಗೂ ಬಾಲದ ಕಡೆಗೂ ಎಳೆಯಿರಿ. ಸ್ವೆಟರ್ ಕಳಚಿದಂತೆ ಬರುತ್ತದೆ. ನಿಧಾನ ಬೇಕಾದದ್ದು ಹೊಟ್ಟೆ ಸೀಳುವಾಗ. ಚಾಕುವಿನ ಅಲಗು ಮೇಲ್ಮುಖವಾಗಿರಲಿ; ಕರುಳೋ ಮೂತ್ರಕೋಶವೋ ಒಡೆದರೆ ಮಾಂಸಕ್ಕೆಲ್ಲ ವಾಸನೆ ಹಿಡಿಯುತ್ತದೆ. ಲಿವರನ್ನು ಬೆಳಕಿನಲ್ಲಿ ಚೆನ್ನಾಗಿ ನೋಡಿ. ಮೇಲೆ ಸಣ್ಣ ಬಿಳಿ ಚುಕ್ಕೆಗಳು ಕಂಡರೆ ಇಡೀ ಮೊಲವನ್ನೇ ಎಸೆಯಿರಿ, ಕೊಟ್ಟವರ ಮುಲಾಜು ನೋಡಬೇಡಿ.

ಚರೆ ಹೊಕ್ಕ ತೂತುಗಳಲ್ಲಿ ಕೂದಲೂ ಒಳಸೇರಿರುತ್ತದೆ. ಚಾಕುವಿನ ಮೊನೆಯಿಂದ ಕೆದಕಿ ತೆಗೆಯಿರಿ. ಕೊಬ್ಬು ಕಡಿಮೆಯ ಮಾಂಸವಾದ್ದರಿಂದ ಒಂದು ರಾತ್ರಿ ಉಪ್ಪುನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು, ಮಾರನೇ ದಿನ ಮಸಾಲೆ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಫ್ರೀಜರಿನಲ್ಲಿಟ್ಟ ಮಾತ್ರಕ್ಕೆ ಟುಲರೀಮಿಯಾದ ರೋಗಾಣು ಸಾಯುವುದಿಲ್ಲ.

ಊರಿಗೆ ಬಂದಾಗ ಈ ಆಸೆ ಬೇಡ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಮೊಲದ ಬೇಟೆ ಅಪರಾಧ.