ಕೈ ಇಳಿದಿದ್ದರೆ ಕಾಲು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎ ಕುರಿತವು. ಕೇಳಿದವರು ಬೇರೆಬೇರೆ, ಕೇಳಿದ್ದು ಬಹುಪಾಲು ಒಂದೇ: ಈ ಹೋರಾಟಗಾರರ ಕೈ ಯಾಕೆ ಯಾವಾಗಲೂ ಕೆಳಗಿರುತ್ತದೆ?

ಪ್ರಶ್ನೆ: ಕಾಲೇಜು ದಿನಗಳಲ್ಲಿ ಬಾಕ್ಸಿಂಗ್ ಕಲಿತವನು ನಾನು. ಕೈ ಚೂರು ಇಳಿದರೂ ಕೋಚ್ ಬೆತ್ತದಿಂದ ಮೊಣಕೈಗೆ ತಟ್ಟುತ್ತಿದ್ದರು. ಎಂಎಂಎ ಪಂದ್ಯಗಳನ್ನು ನಡೆಸುವ ಯುಎಫ್‌ಸಿಯಲ್ಲಿ ನೋಡಿದರೆ ಚಾಂಪಿಯನ್‌ಗಳೇ ಕೈಯನ್ನು ಎದೆಮಟ್ಟಕ್ಕೆ, ಕೆಲವರು ಸೊಂಟದ ಮಟ್ಟಕ್ಕೆ ಇಳಿಬಿಟ್ಟು ಓಡಾಡುತ್ತಾರೆ. ಇಷ್ಟು ಮೊದಲ ಪಾಠವೂ ಅವರಿಗೆ ಗೊತ್ತಿಲ್ಲವೇ ಸರ್?
— ಬಾಕ್ಸಿಂಗ್ ಅಭಿಮಾನಿ, ಹುಬ್ಬಳ್ಳಿ

ಉತ್ತರ: ಗೊತ್ತಿದೆ. ಆದರೆ ನಿಮ್ಮ ಕೋಚ್ ಕಲಿಸಿದ್ದು ಬರೀ ಮುಷ್ಟಿಯಿಂದ ಆಡುವ ಆಟಕ್ಕೆ. ಇಲ್ಲಿ ಗುದ್ದಬಹುದು, ಒದೆಯಬಹುದು, ಕಾಲು ಹಿಡಿದು ಎತ್ತಿ ಕೆಡವಲೂಬಹುದು. ಅಪಾಯ ಮೂರು ಕಡೆಯಿಂದ ಬರುವಾಗ ಎರಡೂ ಕೈಯನ್ನು ಕೆನ್ನೆಗೇ ಮೀಸಲಿಡಲು ಆಗುವುದಿಲ್ಲ.

ಮೊದಲು ಗ್ಲೌಸ್ ನೋಡಿ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ತೂಕದ ವಿಭಾಗಕ್ಕೆ ತಕ್ಕಂತೆ 8 ಅಥವಾ 10 ಔನ್ಸ್‌ನ ಗ್ಲೌಸ್ ಇರುತ್ತದೆ. ಅಂಥ ಎರಡು ಗ್ಲೌಸ್‌ಗಳನ್ನು ಮುಖದ ಮುಂದೆ ಜೋಡಿಸಿ ತಲೆ ತಗ್ಗಿಸಿದರೆ ಅರ್ಧ ಗುದ್ದುಗಳು ಅಲ್ಲೇ ಸಾಯುತ್ತವೆ. ಎಂಎಂಎ ಗ್ಲೌಸ್ 4 ಔನ್ಸ್, ಅಂದರೆ ಸುಮಾರು 113 ಗ್ರಾಂ. ಹಿಡಿತಕ್ಕೆಂದು ಬೆರಳುಗಳೂ ಹೊರಗಿರುತ್ತವೆ. ಇದನ್ನು ಮುಖಕ್ಕೆ ಅಡ್ಡ ಹಿಡಿದರೆ ಮುಚ್ಚುವುದು ಸ್ವಲ್ಪ, ಬಯಲಾಗಿ ಉಳಿಯುವುದೇ ಹೆಚ್ಚು. ಎದುರಾಳಿಯ ಮುಷ್ಟಿಯೂ ಅಷ್ಟೇ ಚಿಕ್ಕದಾದ್ದರಿಂದ ಸಂದಿಯಲ್ಲಿ ಸಲೀಸಾಗಿ ನುಗ್ಗುತ್ತದೆ.

ಎರಡನೆಯದು ಟೇಕ್‌ಡೌನ್, ಅಂದರೆ ಎದುರಾಳಿಯನ್ನು ನೆಲಕ್ಕೆ ಕೆಡವುವುದು. ಕೈ ಕೆನ್ನೆಯ ಮೇಲಿದ್ದಾಗ ಎದುರಾಳಿ ಥಟ್ಟನೆ ಮಂಡಿ ಬಗ್ಗಿಸಿ ಕೆಳಗಿಳಿದು ತೊಡೆಗೆ ಕೈ ಹಾಕಿದನೆನ್ನಿ. ನಿಮ್ಮ ಕೈ ಕೆನ್ನೆಯಿಂದ ಸೊಂಟಕ್ಕೆ ಬರುವಷ್ಟರಲ್ಲಿ ನೀವು ಬೆನ್ನ ಮೇಲೆ ಬಿದ್ದಿರುತ್ತೀರಿ. ಕೈ ಮೊದಲೇ ಕೆಳಗಿದ್ದರೆ ಅವನ ಹಣೆಯನ್ನೋ ಭುಜವನ್ನೋ ಅಂಗೈಯಲ್ಲಿ ತಡೆದು, ಕಂಕುಳಡಿ ತೋಳು ತೂರಿಸಿ, ಕಾಲನ್ನು ಹಿಂದಕ್ಕೆ ಚಾಚಿಬಿಡಬಹುದು.

ಮೂರನೆಯದು ಅಂತರ. ಬಾಕ್ಸರ್‌ಗಳು ಮುಷ್ಟಿಯ ಅಳತೆಯಲ್ಲಿ ನಿಲ್ಲುತ್ತಾರೆ, ಎಂಎಂಎಯವರು ಒದೆಯ ಅಳತೆಯಲ್ಲಿ. ಅಷ್ಟು ದೂರದಿಂದ ಮುಖಕ್ಕೆ ಗುದ್ದಬೇಕಾದರೆ ಒಂದು ಹೆಜ್ಜೆ ಮುಂದಿಡಲೇಬೇಕು. ಆ ಹೆಜ್ಜೆ ಕಣ್ಣಿಗೆ ಬೀಳುತ್ತದೆ. ಬಿದ್ದೊಡನೆ ಹಿಂದೆ ಸರಿದರೆ ಗುದ್ದು ಗಾಳಿಗೆ ಹೋಗುತ್ತದೆ. ಇಲ್ಲಿ ಮುಖ ಕಾಯುವುದು ಕಾಲು. ಕೈ ಮಾಡುವುದು ಬೇರೆ ಕೆಲಸ: ಪಕ್ಕೆಗೆ ಬರುವ ಒದೆಯನ್ನು ಮೊಣಕೈಯಲ್ಲಿ ತಡೆಯುವುದು, ಸುಳ್ಳು ಸನ್ನೆ ಮಾಡುವುದು, ಎದುರಾಳಿಯ ಕಣ್ಣಿಗೆ ಬೀಳದಂತೆ ಕೆಳಗಿನಿಂದ ಜ್ಯಾಬ್ ಬಿಡುವುದು.

ಹಾಗೆಂದು ಇದು ಎಂಎಂಎಯವರೇ ಕಂಡುಹಿಡಿದ ವಿದ್ಯೆಯಲ್ಲ. ನಿಮ್ಮ ಬಾಕ್ಸಿಂಗ್‌ನಲ್ಲೇ ಮುಹಮ್ಮದ್ ಅಲಿ ಕೈ ಇಳಿಬಿಟ್ಟು ಕುಣಿದವರು. ಫ್ಲಾಯ್ಡ್ ಮೇವೆದರ್ ಮುಂಗೈಯನ್ನು ಹೊಟ್ಟೆಗೆ ಅಡ್ಡವಿಟ್ಟು, ಗದ್ದವನ್ನು ಭುಜದ ಮರೆಯಲ್ಲಿ ಕಾಪಾಡಿಕೊಂಡವರು.

ಪ್ರಶ್ನೆ: ನಾ ಹಳೇ ಪೈಲ್ವಾನ. ಕುಸ್ತಿಯಾಗ ನಾವೂ ಕೈ ಮುಂದ ಚಾಚಿ ಕೆಳಗ ಇಟ್ಟೇ ನಿಲ್ತೀವಿ. ಇವ್ರು ಮಾಡೂದೂ ಅದೇ ಏನ್ರಿ?
— ಗರಡಿ ಮನಿಯವ, ಬೆಳಗಾವಿ

ಉತ್ತರ: ಪೈಲ್ವಾನರೇ, ಅರ್ಧ ಅದೇ. ಎಂಎಂಎಯಲ್ಲಿ ಕುಸ್ತಿ ಹಿನ್ನೆಲೆಯವರು ಬಹಳ. ಖಬೀಬ್ ನುರ್ಮಾಗೊಮೆದೊವ್ ದಾಗೆಸ್ತಾನದ ಕುಸ್ತಿ, ಸಾಂಬೊಗಳಲ್ಲಿ ಬೆಳೆದವರು. ಡೇನಿಯಲ್ ಕಾರ್ಮಿಯೆ 2004ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಫ್ರೀಸ್ಟೈಲ್ ಕುಸ್ತಿ ಆಡಿದವರು. ಅಂಥವರ ಕೈ ತಾನಾಗಿಯೇ ಎದುರಾಳಿಯ ಮಣಿಕಟ್ಟು, ಕತ್ತು, ತೊಡೆ ಹುಡುಕುತ್ತದೆ. ಉಳಿದರ್ಧದಲ್ಲಿ ವ್ಯತ್ಯಾಸವಿದೆ. ಅಖಾಡದಲ್ಲಿ ನೀವು ಸೊಂಟ ಬಗ್ಗಿಸಿ ತಲೆ ಮುಂದಿಟ್ಟು ನಿಲ್ಲುತ್ತೀರಿ. ಇಲ್ಲಿ ಹಾಗೆ ನಿಂತರೆ ಮಂಡಿಯೋ ಅಪ್ಪರ್‌ಕಟ್ಟೋ ಸೀದಾ ಮುಖಕ್ಕೆ ಬರುತ್ತದೆ. ಅದಕ್ಕೇ ಅವರು ಬೆನ್ನು ನೆಟ್ಟಗಿಟ್ಟು, ಮಂಡಿ ಮಾತ್ರ ಸಡಿಲಿಸಿ ನಿಲ್ಲುವುದು.

ಪ್ರಶ್ನೆ: ಆ್ಯಂಡರ್ಸನ್ ಸಿಲ್ವ ಕೈ ಇಳಿಬಿಟ್ಟು ಆಡಿಸುತ್ತಿದ್ದುದನ್ನು ಹೊಗಳುತ್ತಾರೆ. ಅದೇ ಚಟದಿಂದ ನೆಲಕ್ಕುರುಳಿದರು ಅಂತಲೂ ಹೇಳುತ್ತಾರೆ. ಯಾವುದು ಸರಿ?
— ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ಎರಡೂ ಸರಿ. ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

2009ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಫಾರೆಸ್ಟ್ ಗ್ರಿಫಿನ್ ಎದುರು ಸಿಲ್ವ ಕೈ ಕೆಳಗಿಟ್ಟು ನಿಂತರು. ಗ್ರಿಫಿನ್ ಬೀಸಿದ ಗುದ್ದುಗಳಿಂದ ಬರೀ ತಲೆ ಸರಿಸಿಯೇ ತಪ್ಪಿಸಿಕೊಂಡರು. ಕೊನೆಗೆ ಹಿಂದೆ ಸರಿಯುತ್ತಲೇ ಬಲಗೈ ಚಾಚಿದರು. ಮುನ್ನುಗ್ಗಿ ಬರುತ್ತಿದ್ದ ಗ್ರಿಫಿನ್ ಅದರ ಮೇಲೆ ತಾವೇ ಬಂದು ಬಿದ್ದಂತಾಯಿತು. ಮೊದಲ ಸುತ್ತಿನಲ್ಲೇ ಪಂದ್ಯ ಮುಗಿಯಿತು.

2013ರ ಜುಲೈ 6ರಂದು ಲಾಸ್ ವೇಗಸ್‌ನಲ್ಲಿ ಕ್ರಿಸ್ ವೈಡ್‌ಮನ್ ಎದುರಾದರು. ಸಿಲ್ವ ಆಗ 38 ವರ್ಷದವರು, ಯುಎಫ್‌ಸಿಯಲ್ಲಿ ಸತತ 16 ಪಂದ್ಯ ಗೆದ್ದಿದ್ದರು. ಎರಡನೇ ಸುತ್ತಿನಲ್ಲಿ ಕೈ ಇಳಿಬಿಟ್ಟು, ಪೆಟ್ಟು ತಿಂದವರಂತೆ ತೂರಾಡಿ ಅಣಕಿಸಿದರು. ವೈಡ್‌ಮನ್ ಒಂದು ಗುದ್ದಿಗೆ ನಿಲ್ಲದೆ ಒಂದರ ಹಿಂದೊಂದು ಬೀಸಿದರು. ಸಿಲ್ವ ಪಾದ ಕದಲಿಸದೆ ಸೊಂಟದಿಂದಷ್ಟೇ ಹಿಂದಕ್ಕೆ ಬಾಗುತ್ತ ಹೋದರು. ಮನುಷ್ಯನ ಸೊಂಟ ಬಾಗುವುದಕ್ಕೂ ಒಂದು ಮಿತಿಯಿದೆ. ಆ ಮಿತಿ ಮುಟ್ಟಿದ ಹೊತ್ತಿಗೆ ಎಡಗೈ ಹುಕ್ ಗದ್ದಕ್ಕೆ ಬಿತ್ತು, ಸುಮಾರು ಏಳು ವರ್ಷ ಹಿಡಿದಿಟ್ಟುಕೊಂಡಿದ್ದ ಪಟ್ಟ ಹೋಯಿತು.

ಕೈ ಎರಡು ಪಂದ್ಯಗಳಲ್ಲೂ ಕೆಳಗೇ ಇತ್ತು. ಮೊದಲನೆಯದರಲ್ಲಿ ಕಾಲು ಚಲಿಸುತ್ತಿತ್ತು, ಎರಡನೆಯದರಲ್ಲಿ ನಿಂತಿತ್ತು. ಕೈ ಇಳಿಸುವುದೆಂದರೆ ಸಾಲ ಮಾಡಿದ ಹಾಗೆ, ಅದನ್ನು ಕಾಲು ತೀರಿಸಬೇಕು.

ಪ್ರಶ್ನೆ: ನಾನು ಕರಾಟೆ ಬ್ಲ್ಯಾಕ್ ಬೆಲ್ಟ್, ತಂಗಿ ಟೇಕ್ವಾಂಡೋ ಆಡುತ್ತಾಳೆ. ಇಬ್ಬರಿಗೂ ಕೈ ಕೆಳಗಿಟ್ಟೇ ಅಭ್ಯಾಸ. ಎಂಎಂಎ ಕಲಿಯಲು ಹೋದರೆ ಇದು ಅನುಕೂಲವೋ ತೊಡಕೋ?
— ಅಕ್ಕ-ತಂಗಿ, ಮೈಸೂರು

ಉತ್ತರ: ತಂಗಿಗೆ ಮೊದಲು ಎಚ್ಚರಿಕೆ. ಒಲಿಂಪಿಕ್ ಶೈಲಿಯ ಟೇಕ್ವಾಂಡೋದಲ್ಲಿ ಮುಖಕ್ಕೆ ಮುಷ್ಟಿಯಿಂದ ಹೊಡೆಯುವಂತಿಲ್ಲ. ಅಲ್ಲಿ ಕೈ ಕೆಳಗಿರುವುದು ಆ ನಿಯಮದ ಕೃಪೆ. ಆ ರಕ್ಷಣೆ ಇಲ್ಲಿ ಸಿಗುವುದಿಲ್ಲ.

ಕರಾಟೆಯವರಿಗೆ ಲಿಯೋಟೊ ಮಚೀಡ ಒಳ್ಳೆಯ ಪಾಠ. ಪಕ್ಕಕ್ಕೆ ತಿರುಗಿ, ಕೈ ಕೆಳಗಿಟ್ಟು, ದೂರದಲ್ಲಿ ನಿಂತು, ಮಿಂಚಿನಂತೆ ಒಳನುಗ್ಗಿ ಹೊಡೆದು ಹೊರಬರುವ ಕರಾಟೆಯಿಂದಲೇ ಅವರು 2009ರಲ್ಲಿ ಲೈಟ್ ಹೆವಿವೇಟ್ ಪಟ್ಟ ಗೆದ್ದರು. ಅದೇ ವರ್ಷ ಮಾರಿಸಿಯೊ ಶೋಗುನ್ ಹುವಾ ಮಚೀಡರ ಕಾಲಿಗೇ ಒದ್ದು ಒದ್ದು ಹೈರಾಣು ಮಾಡಿದರು. ತೀರ್ಪುಗಾರರು ಮಚೀಡರನ್ನೇ ಗೆಲ್ಲಿಸಿದರೂ, 2010ರ ಮರುಪಂದ್ಯದಲ್ಲಿ ಶೋಗುನ್ ಮೊದಲ ಸುತ್ತಿನಲ್ಲೇ ಅವರನ್ನು ಕೆಡವಿದರು. ಆದ್ದರಿಂದ ನಿಮ್ಮ ಅಂತರ ಉಳಿಸಿಕೊಳ್ಳಿ, ಅದರ ಜೊತೆಗೆ ಕಾಲಿನ ಒದೆ ತಡೆಯುವುದನ್ನೂ ಕುಸ್ತಿಯನ್ನೂ ಕಲಿಯಿರಿ. ಎಲ್ಲವನ್ನೂ ಬೆರೆಸಿ ಕಲಿಯುವುದಕ್ಕೆ ಒಂದು ಉದಾಹರಣೆ: 2024ರ ಜೂನ್‌ನಲ್ಲಿ ಯುಎಫ್‌ಸಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದ ಪೂಜಾ ತೋಮರ್ ವುಶುವಿನಿಂದ ಬಂದವರು. ಗುದ್ದು, ಒದೆ, ಕೆಡವುವುದು ಮೂರೂ ವುಶುವಿನ ಸಾಂಡಾ ಪ್ರಕಾರದಲ್ಲಿವೆ.

ಪ್ರಶ್ನೆ: ತಂತ್ರಗಿಂತ್ರ ಏನೂ ಇಲ್ಲ, ಸುಸ್ತಾಗಿ ಕೈ ಬೀಳುತ್ತದೆ ಅಷ್ಟೇ ಅನ್ನುತ್ತಾನೆ ನನ್ನ ಗೆಳೆಯ. ಹೌದೇ?
— ಓದುಗ, ಶಿವಮೊಗ್ಗ

ಉತ್ತರ: ಗೆಳೆಯನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಸಾಮಾನ್ಯ ಪಂದ್ಯದಲ್ಲಿ 5 ನಿಮಿಷದ 3 ಸುತ್ತು, ಪಟ್ಟದ ಪಂದ್ಯದಲ್ಲಿ 5 ಸುತ್ತು. ಎದುರಾಳಿಯನ್ನು ತಬ್ಬಿ ತಳ್ಳಾಡಿದ ಮೇಲೆ ಭುಜ, ಮುಂಗೈ ಮರಗಟ್ಟುತ್ತವೆ. ಗುರುತಿಸುವುದು ಸುಲಭ. ಕೈ ಕೆಳಗಿದ್ದು ಹೆಜ್ಜೆ ಹಗುರವಾಗಿದ್ದರೆ ಅದು ಬೇಕೆಂದೇ ಮಾಡಿದ್ದು. ಪಾದ ನೆಲಕ್ಕಂಟಿ, ಬಾಯಿ ತೆರೆದು, ಗುದ್ದಿದ ಕೈ ಮೇಲಕ್ಕೆ ಮರಳದೆ ಜೋತುಬಿದ್ದರೆ ಅದು ಸುಸ್ತು.

ಪ್ರಶ್ನೆ: ಕೈ ಮೇಲಿಟ್ಟುಕೊಳ್ಳಬೇಕೆಂಬ ನಿಯಮವಿಲ್ಲವೇ?
— ಓದುಗಿ, ಮಂಡ್ಯ

ಉತ್ತರ: ಇಲ್ಲ. ನಿಮ್ಮ ರಕ್ಷಣೆ ನಿಮ್ಮದು ಎಂದು ರೆಫರಿ ಎಚ್ಚರಿಸುತ್ತಾರೆ, ಅಷ್ಟೇ. ತಮಾಷೆಯೆಂದರೆ, ಬೆರಳು ಬಿಡಿಸಿ ಎದುರಾಳಿಯ ಕಣ್ಣಿನತ್ತ ಕೈ ಚಾಚುವುದನ್ನು ಪರಿಷ್ಕೃತ ನಿಯಮಗಳು ಫೌಲ್ ಎನ್ನುತ್ತವೆ. ಹಾಗಾಗಿ ಇಲ್ಲಿ ತಪ್ಪಾಗುವುದು ಮೇಲಿರುವ ಕೈಯಿಂದಲೇ!

ಪ್ರಶ್ನೆ: ಮಗನಿಗೆ 14 ವರ್ಷ. ಎಂಎಂಎ ತರಗತಿಗೆ ಹೋಗುತ್ತಾನೆ. ಕನ್ನಡಿ ಮುಂದೆ ಕೈ ಇಳಿಬಿಟ್ಟು ತಲೆ ಆಡಿಸುತ್ತಾನೆ. ಕೇಳಿದರೆ ಇಸ್ರೇಲ್ ಅಡೆಸಾನ್ಯ ಹೀಗೇ ನಿಲ್ಲೋದು ಅನ್ನುತ್ತಾನೆ. ಬೈಯಲೇ, ಬಿಡಲೇ?
— ತಾಯಿ, ದಾವಣಗೆರೆ

ಉತ್ತರ: ಬೈಯಬೇಡಮ್ಮ, ಆದರೆ ಬಿಡಲೂಬೇಡಿ. ಅಡೆಸಾನ್ಯ ಎಂಎಂಎ ಅಂಗಳದಲ್ಲಿ ಹೆಸರು ಮಾಡುವ ಮೊದಲು ವರ್ಷಗಟ್ಟಲೆ ಕಿಕ್‌ಬಾಕ್ಸಿಂಗ್ ಆಡಿದವರು. ಎದುರಾಳಿಯ ಭುಜ ಅಲ್ಲಾಡಿದರೆ ಮುಂದೇನು ಬರುತ್ತದೆಂದು ಅವರ ಮೈಗೇ ಗೊತ್ತು. ಅಷ್ಟಾಗಿಯೂ 2022ರ ನವೆಂಬರ್‌ನಲ್ಲಿ ಅಲೆಕ್ಸ್ ಪೆರೇರ ಅಡೆಸಾನ್ಯರನ್ನು ಐದನೇ ಸುತ್ತಿನಲ್ಲಿ ಸೋಲಿಸಿ ಪಟ್ಟ ಕಸಿದರು. ವರ್ಷಗಟ್ಟಲೆ ಆಡಿ ಬಂದ ಆ ಅನುಭವ ನಿಮ್ಮ ಮಗನಿಗೆ ಇನ್ನೂ ಬಂದಿಲ್ಲ. ಮೊದಲು ಅವನು ಕಲಿಯಬೇಕಾದದ್ದು ಕೈ ಮೇಲೆ, ಗದ್ದ ಕೆಳಗೆ, ಗುದ್ದಿದ ಕೈ ಹೋದ ದಾರಿಯಲ್ಲೇ ಕೆನ್ನೆಗೆ ವಾಪಸು. ಯಾವಾಗ ಇಳಿಸಬೇಕು ಎನ್ನುವುದನ್ನು ಕೋಚ್ ಹೇಳಲಿ, ಮೊಬೈಲಿನ ವಿಡಿಯೊ ಬೇಡ.

ಒಂದು ದಿನ ತರಗತಿಗೆ ನೀವೇ ಹೋಗಿ ನೋಡಿ. ಮಕ್ಕಳಿಗೆ ಹೆಡ್‌ಗಾರ್ಡ್, ಮೌತ್‌ಗಾರ್ಡ್, ದಪ್ಪ ಗ್ಲೌಸ್ ಕೊಡುತ್ತಾರೆಯೇ, ತಲೆಗೆ ಜೋರಾಗಿ ಹೊಡೆಯದಂತೆ ತಡೆಯುತ್ತಾರೆಯೇ ಎಂದು ಕೇಳಿ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಪ್ಪಿಸುತ್ತದೆಯೇ ಹೊರತು ಒಳಗೆ ಮಿದುಳು ಅಲುಗುವುದನ್ನು ಪೂರ್ತಿ ತಡೆಯುವುದಿಲ್ಲ. ಪೆಟ್ಟು ಬಿದ್ದ ದಿನ ತಲೆನೋವು, ವಾಂತಿ, ಮಂಕು ಏನೇ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ. ಅವರು ಸರಿ ಎನ್ನುವ ತನಕ ಮಗನನ್ನು ಅಭ್ಯಾಸಕ್ಕೆ ಕಳಿಸಬೇಡಿ.